ಬೆಳಕಿನಲ್ಲೇ ಹುಟ್ಟಿದ ನೊಣಕ್ಕೂ ರಾತ್ರಿಯ ಲೆಕ್ಕ ಗೊತ್ತು

ಕಳಿತ ಬಾಳೆಹಣ್ಣಿನ ಸುತ್ತ ಗುಂಪುಗಟ್ಟುವ ಪುಟ್ಟ ನೊಣವನ್ನು ನೀವೆಲ್ಲ ನೋಡಿದ್ದೀರಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆ ಅದರ ಹೆಸರೂ ಗೊತ್ತು, ಡ್ರೊಸೊಫಿಲಾ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆಯಲ್ಲ, ಅಲ್ಲಿನ ಶೀಬಾ, ವಿಜಯಕುಮಾರ ಶರ್ಮ, ಚಂದ್ರಶೇಖರನ್ ಮತ್ತು ಅಮಿತಾಭ್ ಜೋಶಿ 1999ರಲ್ಲಿ ಈ ನೊಣದ ಬಗ್ಗೆ ಒಂದು ಸೋಜಿಗದ ವರದಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಸುಮಾರು 600 ತಲೆಮಾರು ದೀಪವನ್ನೇ ಆರಿಸದೆ ಸಾಕಿದ ನೊಣಗಳನ್ನು. ಮನುಷ್ಯರ ಲೆಕ್ಕದಲ್ಲಿ ಇದು ಹದಿನೈದು ಸಾವಿರ ವರ್ಷ! ಅಂಥ ನೊಣಗಳನ್ನು ಕತ್ತಲಲ್ಲಿಟ್ಟರೆ ಏನಾಗಬೇಕು? ಅವು ಕೋಶ ಒಡೆದು ಹೊರಬರುವ ಕ್ರಿಯೆ ಹೆಚ್ಚುಕಡಿಮೆ ದಿನಕ್ಕೊಂದು ಸುತ್ತಿನಂತೆ ಏರಿಳಿಯತೊಡಗಿತು. ರಾತ್ರಿಯನ್ನೇ ಕಾಣದ ವಂಶದೊಳಗೂ ಗಡಿಯಾರ ನಿಂತಿರಲಿಲ್ಲ.

ಇಂಥದೇ ಗಡಿಯಾರ ನಮ್ಮ ಮೆದುಳಿನಲ್ಲೂ ಇದೆ. ಎರಡು ಕಣ್ಣುಗಳ ನರ ಅಡ್ಡಹಾಯುವ ಜಾಗದ ತುಸು ಮೇಲೆ, ಸಾಸಿವೆಯಷ್ಟು ಗಾತ್ರದ ನರಕೋಶಗಳ ಜೋಡಿ ಗುಂಪು. ಕತ್ತಲಾದ ಮೇಲೆ ಅದರ ಅಪ್ಪಣೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. 'ರಾತ್ರಿಯಾಯಿತು' ಎಂದು ಮೈಗೆಲ್ಲ ಡಂಗುರ ಸಾರುವುದು ಅದೇ. ಕಣ್ಣಿಗೆ ಬೆಳಕು ಬಿದ್ದರೆ ಡಂಗುರ ತಡವಾಗುತ್ತದೆ. ಕಣ್ಣಿನಲ್ಲಿ ನೋಟಕ್ಕೆಂದು ಇರುವ ಕೋಶಗಳಲ್ಲದೆ, ಹೊತ್ತು ಅಳೆಯುವುದಕ್ಕೇ ಬೇರೆ ಕೋಶಗಳಿವೆ ಎಂಬುದು ಸ್ಪಷ್ಟವಾದದ್ದು 2002ರಲ್ಲಿ. ಅವು ನೀಲಿ ಬೆಳಕಿಗೆ ಬೇಗ ಸೋಲುತ್ತವೆ. ಬಿಳಿ ಎಲ್‌ಇಡಿಯಲ್ಲೂ ಮೊಬೈಲಿನ ಪರದೆಯಲ್ಲೂ ನೀಲಿಯೇ ಧಾರಾಳ.

ಹುಣ್ಣಿಮೆ ಬೆಳಕು ಅರ್ಧ ಲಕ್ಸ್ ಕೂಡ ಇರದು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ನೂರಿನ್ನೂರು ಲಕ್ಸ್. ಅಜ್ಜ ಓದಿದ ಕಂದೀಲಿನದು ಮಂದವಾದ, ಕೆಂಪು-ಹಳದಿ ಬೆಳಕು. ಅದರ ಹೊಗೆ ಕುಡಿದವರಿಗೆ ಕಂದೀಲಿನ ಗುಣಗಾನ ಹಿಡಿಸದು, ನಾನೂ ಮಾಡುವುದಿಲ್ಲ. ಆದರೆ ಅದು ನಿದ್ದೆಗೆ ಅಷ್ಟು ಅಡ್ಡ ಬರುತ್ತಿರಲಿಲ್ಲ ಎಂಬುದಂತೂ ನಿಜ.

ಈಗ ತೆಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಎಸ್‌ಎಸ್‌ಎಲ್‌ಸಿಗೆ ಓದುತ್ತಿರುವ ಹುಡುಗನನ್ನು ನೆನೆಯಿರಿ. ರಾತ್ರಿ ಹನ್ನೆರಡರವರೆಗೆ ಪುಸ್ತಕ, ನಡುನಡುವೆ ಮೊಬೈಲು. ಬೆಳಗಿನ ನಾಲ್ಕಕ್ಕೆ ಅಪ್ಪ ಎಬ್ಬಿಸುತ್ತಾರೆ. 'ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ' ಎನ್ನುತ್ತಾರೆ. ಎಂಟೂವರೆಗೆ ಮಲಗುತ್ತಿದ್ದವರಿಗೆ ಆ ಮಾತು ಒಪ್ಪುತ್ತಿತ್ತು. ಹನ್ನೆರಡಕ್ಕೆ ಮಲಗಿದವನಿಗೆ ಅದು ಬರೀ ನಿದ್ದೆಗೇಡು. ಹದಿಹರೆಯದಲ್ಲಿ ಒಳಗಡಿಯಾರವೇ ಒಂದೆರಡು ಗಂಟೆ ಹಿಂದೆ ಓಡುತ್ತದೆ, ಆ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಅಪ್ಪಂದಿರು ದಯವಿಟ್ಟು ಈ ಲೆಕ್ಕ ಹಾಕಿ ನೋಡಬೇಕು.

ಅಮೆರಿಕದ ಬಾಸ್ಟನ್ನಿನಲ್ಲಿ 12 ಜನರಿಗೆ ಐದೈದು ರಾತ್ರಿ ಮಲಗುವ ಮುನ್ನ ನಾಲ್ಕು ತಾಸು ಬೆಳಗುವ ಪರದೆಯಲ್ಲಿ ಓದಿಸಿ, ಇನ್ನೈದು ರಾತ್ರಿ ಕಾಗದದ ಪುಸ್ತಕ ಕೊಟ್ಟು ಹೋಲಿಸಿದರು. ಪರದೆಯಲ್ಲಿ ಓದಿದಾಗ ಮೆಲಟೋನಿನ್ ಸುಮಾರು ಒಂದೂವರೆ ಗಂಟೆ ತಡವಾಗಿತ್ತು. ಆದರೆ ನಿದ್ದೆ ಹತ್ತಲು ತಗಲಿದ ಹೆಚ್ಚಿನ ಸಮಯ ಹತ್ತೇ ನಿಮಿಷ. ಆದ್ದರಿಂದ ಗಾಬರಿ ಬೇಡ. ಓದುವ ದೀಪ ಪುಸ್ತಕದ ಮೇಲಷ್ಟೇ ಬೀಳಲಿ, ಹಳದಿಯದಾದರೆ ಇನ್ನೂ ಲೇಸು. ಮೊಬೈಲು ನಡುಮನೆಯಲ್ಲಿ ಮಲಗಲಿ, ಹುಡುಗ ಒಳಕೋಣೆಯಲ್ಲಿ.

ನಿಜವಾದ ಚಿಂತೆ ವರ್ಷಗಟ್ಟಲೆ ರಾತ್ರಿ ದುಡಿಯುವವರದು. ಗಡಿಯಾರ ಕೆಡಿಸುವ ಪಾಳಿ ಕೆಲಸ 'ಬಹುಶಃ ಕ್ಯಾನ್ಸರ್‌ಕಾರಕ' ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2007ರಲ್ಲಿ ಹೇಳಿತು, 2019ರಲ್ಲಿ ರಾತ್ರಿ ಪಾಳಿಯ ಬಗ್ಗೆ ಅದನ್ನೇ ಮತ್ತೆ ಹೇಳಿತು. ಪಾಳಿ ಎಂದೊಡನೆ ನಮಗೆ ಕಾರ್ಖಾನೆ, ಆಸ್ಪತ್ರೆ ನೆನಪಾಗುತ್ತವೆ. ತ್ರೀಫೇಸ್ ಕರೆಂಟು ನಡುರಾತ್ರಿ ಬಂತೆಂದು ಬ್ಯಾಟರಿ ಹಿಡಿದು ಹೊಲಕ್ಕೆ ನೀರು ಕಟ್ಟಲು ಹೋಗುವ ರೈತನದೂ ಪಾಳಿಯೇ, ಯಾವ ಹಾಜರಿ ಪುಸ್ತಕದಲ್ಲೂ ಬರೆಯದ ಪಾಳಿ. ಅವನು ಹಗಲು ಮಲಗಿದಾಗ ಕಿಟಕಿಗೆ ಒಂದು ದಪ್ಪ ಕಂಬಳಿ ಇಳಿಬಿಡಿ, ಟಿ.ವಿ. ಸದ್ದು ತಗ್ಗಿಸಿ.