ಗಿಡದ ಜೊತೆ ನುಸಿಯೂ ಬಸ್ ಹತ್ತುತ್ತಿದೆ

ಆಗಸ್ಟ್ 15, ಜನವರಿ 26 ಹತ್ತಿರ ಬಂದರೆ ಲಾಲ್‌ಬಾಗ್‌ನಲ್ಲಿ ಫ್ಲವರ್ ಶೋ. ನೋಡಲು ಹೋದ ನಮ್ಮೂರಿನವರು ಬರಿಗೈಲಿ ವಾಪಸ್ ಬರುವುದಿಲ್ಲ. ಸಿದ್ದಾಪುರದ ನರ್ಸರಿಗಳಲ್ಲೋ, ಜಯನಗರ, ಬನಶಂಕರಿಯ ರಸ್ತೆ ಬದಿಯಲ್ಲೋ ಒಂದು ಗುಲಾಬಿ, ಒಂದು ಸೇವಂತಿಗೆ ಕೊಂಡು ಬಸ್ ಹತ್ತುತ್ತಾರೆ. ನಾವೂ ಹಾಗೆ ತಂದವರೇ. ಹದಿನೈದು ದಿನಕ್ಕೆ ಎಲೆ ಮುದುಡಿತು, ಮೊಗ್ಗು ಅರಳದೆ ಅಂಚು ಕಂದಾಯಿತು. ಗೊಬ್ಬರ ಸಾಲದು ಎಂದುಕೊಂಡು ಯೂರಿಯಾ ಹಾಕಿದೆವು. ಅದು ನಮ್ಮದೇ ತಪ್ಪು. ಯೂರಿಯಾ ಹೆಚ್ಚಾದಷ್ಟು ಎಳೆ ಚಿಗುರು, ಚಿಗುರಿದ್ದಷ್ಟು ಥ್ರಿಪ್ಸ್. ಬಿಳಿ ಹಾಳೆ ಹಿಡಿದು ಹೂವನ್ನು ತಟ್ಟಿದ ಮೇಲೇ ಗೊತ್ತಾಗಿದ್ದು: ಒಂದೆರಡು ಮಿಲಿಮೀಟರ್ ಉದ್ದದ ಗೀರಿನಂಥ ಹುಳುಗಳು ಹಾಳೆ ತುಂಬ ಓಡಾಡುತ್ತಿದ್ದವು.

ಒಂದು ಗುಲಾಬಿ ಗಿಡ ಹೋದರೆ ಹೋಗಲಿ. ಮನೆ ಹಿಂದೆ ಮೆಣಸಿನಕಾಯಿ ಮಡಿ ಇದ್ದರೆ? 2021ರಲ್ಲಿ ಬಳ್ಳಾರಿ, ರಾಯಚೂರು ಕಡೆ ಮೆಣಸಿನಕಾಯಿ ಬೆಳೆಗಾರರನ್ನು ಅಳಿಸಿದ ಕಪ್ಪು ಥ್ರಿಪ್ಸ್ ನೆನಪಿದೆಯಲ್ಲ, ಅದು ಹೊರದೇಶದ್ದು. ನಮ್ಮ ದೇಶದಲ್ಲಿ ಅದರ ಮೊದಲ ವರದಿ ಬಂದದ್ದು 2015ರಲ್ಲಿ, ಬೆಂಗಳೂರಿನ ಪರಂಗಿ ಗಿಡದಿಂದ. ಆಮೇಲೆ ಡೇರೆ ಹೂವಿನ ಮೇಲೂ ಸಿಕ್ಕಿತು. ಅದು ನರ್ಸರಿ ಗಿಡದಲ್ಲೇ ಊರೂರಿಗೆ ಹೋಯಿತು ಎಂದು ನಾವು ಹೇಳುತ್ತಿಲ್ಲ. ಆದರೆ ಅಲಂಕಾರದ ಗಿಡಕ್ಕೂ ಹೊಲದ ಬೆಳೆಗೂ ನಡುವೆ ಈ ಹುಳಕ್ಕೆ ಬೇಲಿ ಇಲ್ಲ.

ನರ್ಸರಿಯವರು ಔಷಧಿ ಹೊಡೆಯುವುದಿಲ್ಲವೇ? ಹೊಡೆಯುತ್ತಾರೆ, ಸಮಸ್ಯೆ ಅಲ್ಲೇ ಇದೆ. ಥ್ರಿಪ್ಸ್ ಮೊಟ್ಟೆ ಎಲೆಯ ಒಳಗಿರುತ್ತದೆ, ಕೋಶ ಮಣ್ಣಿನಲ್ಲಿರುತ್ತದೆ. ಮೇಲಿಂದ ಹೊಡೆದ ಔಷಧಿ ಎರಡಕ್ಕೂ ಸರಿಯಾಗಿ ತಾಗದು. ಸಾಯುವುದು ನಡುವಿನವು ಮಾತ್ರ. ಬಿಸಿಲುಗಾಲದಲ್ಲಿ ಎರಡು ಮೂರು ವಾರಕ್ಕೆ ಹೊಸ ಪೀಳಿಗೆ ತಯಾರು. ಮತ್ತೆ ಅದೇ ಡಬ್ಬಿ, ಅದೇ ಔಷಧಿ. ಕೊನೆಗೆ ಹುಳ ಅದಕ್ಕೆ ಒಗ್ಗಿಹೋಗುತ್ತದೆ, ಅದನ್ನು ತಿನ್ನುವ ಒಳ್ಳೆಯ ಹುಳಗಳೇ ಸಾಯುತ್ತವೆ. ಪಾಲಿಹೌಸ್‌ನ 40 ಮೆಶ್ ಪರದೆಯನ್ನೂ ನಂಬುವಂತಿಲ್ಲ, ಥ್ರಿಪ್ಸ್ ಅದರಲ್ಲಿ ಆರಾಮಾಗಿ ನುಸುಳುತ್ತದೆ.

ಆ ಔಷಧಿ ಹೊಡೆಯುವ ಹುಡುಗರು ಯಾರು? ಬಹಳಷ್ಟು ಜನ ನಮ್ಮಂಥ ಊರುಗಳಿಂದ ಹೋದವರು. ಮೂಗಿಗೆ ಕರ್ಚೀಫು, ಕಾಲಿಗೆ ಹವಾಯಿ ಚಪ್ಪಲಿ. ಇದನ್ನು ಕೇಳಿದರೆ ಮಾಲೀಕರೊಬ್ಬರು, "ಎಲೆ ಮೇಲೆ ಒಂದು ಚುಕ್ಕೆ ಇದ್ದರೂ ಗಿರಾಕಿ ಮುಟ್ಟಲ್ಲ ಸಾರ್" ಅಂದರು. ಮಾತು ಸುಳ್ಳಲ್ಲ. ಪಾಪದಲ್ಲಿ ನಮ್ಮ ಪಾಲೂ ಇದೆ.

ಆದರೂ ನರ್ಸರಿಯವರು ಮಾಡಬೇಕಾದದ್ದು ದೊಡ್ಡ ಖರ್ಚಿನದಲ್ಲ. ಹೊರಗಿಂದ ಬಂದ ಗಿಡವನ್ನು ಎರಡು ಮೂರು ವಾರ ಬೇರೆ ಇಡಲಿ. ನೀಲಿ ಅಂಟು ಹಾಳೆ ನೇತುಹಾಕಲಿ, ಹಳದಿ ಹಾಳೆ ಬಿಳಿನೊಣಕ್ಕೆ ಚೆನ್ನ, ಥ್ರಿಪ್ಸ್‌ಗೆ ನೀಲಿಯೇ ಸರಿ. ಹುಳ ಬಿದ್ದದ್ದು ನೋಡಿ ಬೇವಿನ ಬೀಜದ ಕಷಾಯದಿಂದ ಶುರು ಮಾಡಲಿ, ಔಷಧಿ ಬೇಕೇ ಆದರೆ ಬೇರೆ ಬೇರೆ ಗುಂಪಿನದನ್ನು ಸರದಿಯಲ್ಲಿ ಬಳಸಲಿ. ಹೊಡೆಯುವವನಿಗೆ ಮಾಸ್ಕು, ಗ್ಲೌಸು, ಬೂಟು ಕೊಡಲಿ. ಗಿಡಕ್ಕೆ ಯಾವ ಔಷಧಿ, ಯಾವತ್ತು ಹೊಡೆದದ್ದು ಎಂದು ಕುಂಡದ ಮೇಲೆ ಒಂದು ಚೀಟಿ ಅಂಟಿಸುವಂತೆ ತೋಟಗಾರಿಕೆ ಇಲಾಖೆ ನಿಯಮ ಮಾಡಬೇಕು.

ನೀವು ಮುಂದಿನ ಸಲ ಹೋದಾಗ ಜೇಬಲ್ಲೊಂದು ಬಿಳಿ ಹಾಳೆ ಇಟ್ಟುಕೊಳ್ಳಿ. ಹಣ ಕೊಡುವ ಮೊದಲು ಹೂವು ತಟ್ಟಿ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಂದ ಗಿಡವನ್ನು ಮೆಣಸಿನಕಾಯಿ ಮಡಿಯಿಂದ ದೂರ, ಜಗಲಿಯ ಆ ಕಡೆ ಮೂರು ವಾರ ಇಡಿ.