ಆ 48ನ್ನು ಯಾಕೆ ಅಳಿಸಿದೆವು?

ಕಳೆದ ಸೆಮ್‌ನ ಮೆಟೀರಿಯಲ್ಸ್ ಲ್ಯಾಬ್ ನೆನಪಿದೆಯಾ? ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದ ಮಾಮೂಲಿ ಕಾರ್ಬನ್ ಸ್ಟೀಲ್ ತುಂಡುಗಳನ್ನು 200, 300, 400, 500 ಡಿಗ್ರಿಯಲ್ಲಿ ಟೆಂಪರ್ ಮಾಡಿ ರಾಕ್‌ವೆಲ್ ಮೆಷಿನ್ನಿಗೆ ಕೊಟ್ಟೆವು. ನಮ್ಮ ಬ್ಯಾಚಿಗೆ ಬಂದದ್ದು 54, 46, 48, 36. ಶಾಖ ಏರಿದಂತೆ ಗಡಸುತನ ಇಳಿಯಬೇಕಲ್ಲ? ರಬ್ಬರ್ ತಗೊಂಡು 48ನ್ನು 42 ಮಾಡಿದೆವು. ಗ್ರಾಫ್ ಚಂದ ಬಂತು, ಸಹಿಯೂ ಬಿತ್ತು.

ಇಳಿಯಲೇಬೇಕು ಅನ್ನುವ ತಿಳಿವಳಿಕೆ ತಪ್ಪಲ್ಲ. ಅದನ್ನು ಲೆಕ್ಕದೊಳಗೆ ತರಲು ನ್ಯಾಯವಾದ ದಾರಿಯೇ ಇದೆ. 1955ರಲ್ಲಿ ಏಯರ್, ಬ್ರಂಕ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಬಹಳ ಸರಳ: ಕ್ರಮ ತಪ್ಪಿದ ಪಕ್ಕದ ಬೆಲೆಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆಯಿರಿ. 46, 48 ಎರಡೂ 47 ಆಗುತ್ತವೆ. 54, 47, 47, 36. ಅಷ್ಟೆ.

ನಮಗೆ ಹೆಚ್ಚು ಹಿಡಿಸಿದ್ದು ಕಾನ್ಫಿಡೆನ್ಸ್ ಇಂಟರ್ವಲ್ ವಿಷಯ. ನಾಲ್ಕೂ ಒಟ್ಟಿಗೆ 95% ಭರವಸೆ ಕೊಡುವಂತೆ ಪ್ರತಿ ರೀಡಿಂಗಿಗೆ ±3 ಅಂತಿಟ್ಟುಕೊಳ್ಳಿ. 300 ಡಿಗ್ರಿಗೆ 43ರಿಂದ 49, 400ಕ್ಕೆ 45ರಿಂದ 51. ಈಗ ಇಳಿಕೆಯ ಷರತ್ತು ಹಾಕಿ. 400ರ ನಿಜವಾದ ಬೆಲೆ 45ಕ್ಕಿಂತ ಕೆಳಗಿಲ್ಲ ಅಂದಮೇಲೆ 300ರದ್ದೂ ಕೆಳಗಿರಲಾರದು. 300ರದ್ದು 49 ದಾಟದಿದ್ದರೆ 400ರದ್ದೂ ದಾಟದು. ಎರಡಕ್ಕೂ ಉಳಿದದ್ದು 45ರಿಂದ 49. ಆರರ ಅಗಲ ನಾಲ್ಕಾಯಿತು, ಒಂದು ತುಂಡನ್ನೂ ಹೊಸದಾಗಿ ಪರೀಕ್ಷಿಸದೆ, 95% ಭರವಸೆಯನ್ನೂ ಬಿಟ್ಟುಕೊಡದೆ. ನಾವು ಬರೆದ 42 ಇದರ ಒಳಗೇ ಇಲ್ಲ!

ಆದರೆ ಷರತ್ತು ನಿಜವಾಗಿದ್ದರೆ ಮಾತ್ರ ಈ ಲಾಭ. ಶಿವಮೊಗ್ಗದಲ್ಲಿ ಓದುವ ನಮ್ಮಲ್ಲಿ ಎಷ್ಟೋ ಮಂದಿ ಭದ್ರಾವತಿಯಿಂದ ದಿನಾ ಬಸ್ಸಲ್ಲಿ ಬರುವವರು. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆ, ಈಗ ವಿಶ್ವೇಶ್ವರಯ್ಯನವರ ಹೆಸರಿನದು, ಮುಂದೆ ಹೆಸರು ಮಾಡಿದ್ದು ಮಿಶ್ರಲೋಹದ ಉಕ್ಕಿನಲ್ಲಿ. ಮಿಶ್ರಲೋಹದ ಉಕ್ಕು ಎಲ್ಲ ಸಲ ನಮ್ಮ ಪಠ್ಯದ ಇಳಿಜಾರಿನಲ್ಲಿ ಇಳಿಯುವುದಿಲ್ಲ. ಮಾಲಿಬ್ಡಿನಮ್, ವೆನೇಡಿಯಮ್, ಟಂಗ್‌ಸ್ಟನ್ ಸಾಕಷ್ಟಿರುವ ಹೈಸ್ಪೀಡ್ ಸ್ಟೀಲಿನಂಥವುಗಳಲ್ಲಿ 500ರಿಂದ 600 ಡಿಗ್ರಿ ಆಸುಪಾಸಿನಲ್ಲಿ ಸಣ್ಣ ಸಣ್ಣ ಕಾರ್ಬೈಡ್ ಕಣಗಳು ಹುಟ್ಟಿ ಗಡಸುತನ ಮತ್ತೆ ಏರುತ್ತದೆ. ಲೇತಿನ ಟೂಲ್ ಕೆಂಪಗಾದರೂ ಕತ್ತರಿಸುವುದರ ಹಿಂದೆ ಈ ಏರಿಕೆಯ ಪಾಲೂ ಇದೆ.

ಅಂಥ ತುಂಡು 400ರಲ್ಲಿ 56, 550ರಲ್ಲಿ 64 ತೋರಿಸಿತು ಅನ್ನಿ. ±3 ಹಾಕಿದರೆ ಮೊದಲನೆಯದು 59 ದಾಟುವುದಿಲ್ಲ, ಎರಡನೆಯದು 61ಕ್ಕಿಂತ ಕೆಳಗಿಲ್ಲ. ಇಳಿಕೆಯ ಷರತ್ತು ಹಾಕಿದ ಕೂಡಲೇ ಇಂಟರ್ವಲ್ಲೇ ಖಾಲಿ! ನಿಮ್ಮ ಊಹೆ ಈ ಲೋಹಕ್ಕೆ ಹೊಂದುವುದಿಲ್ಲ ಅಂತ ಲೆಕ್ಕವೇ ಕೂಗಿ ಹೇಳುತ್ತದೆ. ರಬ್ಬರ್ ಹಾಗೆ ಕೂಗುವುದಿಲ್ಲ. 64ನ್ನು 50 ಮಾಡಿ ಸುಮ್ಮನಾಗುತ್ತದೆ. ಲೋಹದ ಅತಿ ಮುಖ್ಯ ಗುಣವೇ ರೆಕಾರ್ಡಿನಿಂದ ಮಾಯ.

ಮಾರ್ಕ್ಸ್ ಹೋಗುತ್ತದೆ ಅನ್ನುವ ಭಯ ನಮಗೂ ಇದೆ, ಇಲ್ಲ ಅಂದರೆ ಸುಳ್ಳು. ವಂಕಿ ಟೇಬಲ್‌ಗಿಂತ ನಯವಾದ ಗ್ರಾಫ್‌ಗೆ ಬೇಗ ಸಹಿ ಬೀಳುತ್ತದೆ ಅನ್ನುವುದು ಎಲ್ಲರ ಅನುಭವ. ಅದಕ್ಕೇ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ರೆಕಾರ್ಡಿನಲ್ಲಿ ಎರಡು ಕಾಲಂ ಕೊಡಿ, ಒಂದು ಬಂದದ್ದಕ್ಕೆ, ಇನ್ನೊಂದು ಷರತ್ತು ಹಾಕಿ ಹೊಂದಿಸಿದ್ದಕ್ಕೆ. ಆ ಷರತ್ತು ಯಾಕೆ ಹಾಕಿದೆವು ಅಂತ ಕೆಳಗೆ ಒಂದು ಸಾಲು ಬರೆಯುತ್ತೇವೆ. ನಮ್ಮ ಬ್ಯಾಚಿನ ಹಳೇ ರೆಕಾರ್ಡ್‌ಗಳಲ್ಲಿ 42ರ ಪಕ್ಕ 48 ಅಂತ ಪೆನ್ನಲ್ಲಿ ಬರೆದು ಇಟ್ಟಿದ್ದೇವೆ.