ಗಣಕಯಂತ್ರದ ವಾರ್ತೆಯೂ ವಿದ್ಯಾಲಯದ ವಿವೇಕವೂ

‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೇಳಿದ ಮಾತನ್ನು ಪರಾಮರ್ಶಿಸದೆ ನಂಬುವ, ನಂಬಿದ ಕೂಡಲೇ ಕಾರ್ಯಪ್ರವೃತ್ತರಾಗುವ ದುಡುಕನ್ನು ಹಿರಿಯರು ಹೀಗೆ ನಗೆಯಾಡಿ ತಿದ್ದಿದರು. ಗಣಕಯಂತ್ರದ ಕುರಿತಾದ ವಾರ್ತೆಗಳನ್ನು ಇಂದು ಓದುವ ವಿದ್ಯಾವಂತರಲ್ಲಿ ಅನೇಕರು ಈ ಗಾದೆಗೆ ಹೊಸ ನಿದರ್ಶನಗಳಾಗುತ್ತಿರುವುದು ವಿಷಾದದ ಸಂಗತಿ. ಹೊಸ ಯಂತ್ರವೊಂದು ಬಂದಿತೆಂದರೆ ಹಳೆಯದು ಕೆಲಸಕ್ಕೆ ಬಾರದೆಂದು ತಿಳಿಯುವುದು, ಕೃತಕ ಬುದ್ಧಿಮತ್ತೆ ಬಂದಿತೆಂದರೆ ಇನ್ನು ಗುರುವೇ ಬೇಡವೆಂದು ಸಾರುವುದು, ಇಲ್ಲವೇ ಅದೊಂದು ಮಾರಿಯೆಂದು ಬೆದರಿ ಬಾಗಿಲು ಹಾಕಿಕೊಳ್ಳುವುದು, ಇವೆಲ್ಲವೂ ಒಂದೇ ರೋಗದ ಬೇರೆ ಬೇರೆ ಲಕ್ಷಣಗಳು. ವಿದ್ಯಾಸಂಸ್ಥೆಗಳು ಈ ರೋಗಕ್ಕೆ ಮದ್ದು ಹುಡುಕದಿದ್ದರೆ ಮತ್ತಾರು ಹುಡುಕಬೇಕು?

ವಾರ್ತೆ ಬೇರೆ, ವಸ್ತುಸ್ಥಿತಿ ಬೇರೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ಸಾಕ್ಷ್ಯಗಳಿವೆ. 1958ರಲ್ಲಿ ಅಮೆರಿಕದ ಹರ್ಬರ್ಟ್ ಸೈಮನ್ ಮತ್ತು ಅಲೆನ್ ನ್ಯೂವೆಲ್ ಎಂಬ ವಿದ್ವಾಂಸರು, ಇನ್ನು ಹತ್ತು ವರ್ಷಗಳೊಳಗಾಗಿ ಗಣಕಯಂತ್ರವು ಚದುರಂಗದಲ್ಲಿ ವಿಶ್ವವಿಜೇತನಾಗುವುದೆಂದು ಬರೆದರು. ಹತ್ತು ವರ್ಷ ಕಳೆಯಿತು, ಇಪ್ಪತ್ತು ಕಳೆಯಿತು, ಮೂವತ್ತೂ ಕಳೆಯಿತು. ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಂತ್ರವು ವಿಶ್ವವಿಜೇತ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದು 1997ರ ಮೇ ತಿಂಗಳಿನಲ್ಲಿ. ಭವಿಷ್ಯ ನುಡಿದವರು ಸಾಮಾನ್ಯರಲ್ಲ. ಸೈಮನ್ ಅವರು 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಮೇಧಾವಿಗಳು. ಅವರ ಊಹೆ ಕೊನೆಗೆ ನಿಜವೇ ಆಯಿತು. ಅವರು ಹಾಕಿದ ಗಡುವು ಮಾತ್ರ ಸುಳ್ಳಾಯಿತು. ‘ಆಗಬಲ್ಲುದು’ ಎಂಬುದಕ್ಕೂ ‘ನಾಳೆಯೇ ಆಗುವುದು’ ಎಂಬುದಕ್ಕೂ ನಡುವೆ ಇರುವ ಅಂತರವನ್ನು ಅಳೆಯಬಲ್ಲವನೇ ವಾರ್ತೆಯನ್ನು ಸರಿಯಾಗಿ ಓದಬಲ್ಲವನು.

ಇನ್ನೊಂದು ಉದಾಹರಣೆ ಶಾಲೆಗಳಿಗೆ ಬಹು ಹತ್ತಿರದ್ದು. 2015ರ ಜುಲೈ 29ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹೊರತಂದಿತು. ಇದೇ ವಿಂಡೋಸಿನ ಕಡೆಯ ಆವೃತ್ತಿ, ಇನ್ನು ಮುಂದೆ ಇದಕ್ಕೇ ನವೀಕರಣಗಳು ಬರುತ್ತ ಹೋಗುವುವು ಎಂಬ ಮಾತು ಆ ವರ್ಷ ವಾರ್ತೆಗಳಲ್ಲೆಲ್ಲ ಹರಡಿತು. ಆರು ವರ್ಷ ಕಳೆದು 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತವಾಗಿ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ನಿಂತುಹೋಯಿತು. ಹೊಸ ವ್ಯವಸ್ಥೆಯಾದರೋ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಅಪೇಕ್ಷಿಸುತ್ತದೆ. ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಗಿಂತ ಹಿಂದಿನ ಸಂಸ್ಕಾರಕಗಳಲ್ಲಿ ಬಹುಪಾಲನ್ನು ಅದು ಒಪ್ಪುವುದಿಲ್ಲ. ಇದರ ಪರಿಣಾಮವೇನು? ದಾನಿಗಳು ತಮ್ಮ ಗಳಿಕೆಯಲ್ಲಿ ಉಳಿಸಿ ಗ್ರಾಮಾಂತರ ಶಾಲೆಗಳಿಗೆ ಕೊಟ್ಟ ಯಂತ್ರಗಳು, ಕೀಲಿಮಣೆ ಸವೆಯದೆ, ಪರದೆ ಮಸುಕಾಗದೆ, ಒಂದು ದಿನದ ವಾರ್ತೆಯಿಂದ ‘ಹಳೆಯವು’ ಎನಿಸಿಕೊಂಡವು. ಬೆಳಿಗ್ಗೆ ಚೆನ್ನಾಗಿ ಓಡುತ್ತಿದ್ದ ಯಂತ್ರ ಮಧ್ಯಾಹ್ನ ಗುಜರಿಗೆ ಯೋಗ್ಯವಾಗುವುದು ಯಾವ ನ್ಯಾಯ?

ಇಲ್ಲಿ ಎರಡು ಬಗೆಯ ಅವಿವೇಕಗಳು ಎದುರಾಗುತ್ತವೆ. ಹಳೆಯ ಯಂತ್ರಗಳನ್ನೆಲ್ಲ ಎಸೆದು ಹೊಸವನ್ನು ಕೊಳ್ಳಬೇಕೆಂಬುದು ಮೊದಲನೆಯದು. ನವೀಕರಣವೇ ಒಂದು ಮೋಸ, ಅದನ್ನು ನಿಲ್ಲಿಸಿಬಿಟ್ಟರೆ ಯಂತ್ರ ಹಾಗೆಯೇ ನಡೆಯುತ್ತದೆ ಎಂಬುದು ಎರಡನೆಯದು. ಎರಡೂ ಎಷ್ಟು ಅಪಾಯಕರವೆಂಬುದನ್ನು ಇತ್ತೀಚಿನ ಎರಡು ಘಟನೆಗಳು ತೋರಿಸಿಕೊಟ್ಟಿವೆ.

2017ರ ಮಾರ್ಚ್ 14ರಂದು ವಿಂಡೋಸಿನ ಒಂದು ದೋಷವನ್ನು ಮುಚ್ಚುವ ನವೀಕರಣ ಪ್ರಕಟವಾಯಿತು. ಅನೇಕರು ಅದನ್ನು ಅಳವಡಿಸಿಕೊಳ್ಳಲಿಲ್ಲ. ಎರಡು ತಿಂಗಳೊಳಗೆ, ಮೇ 12ರಂದು, ‘ವಾನಾಕ್ರೈ’ ಎಂಬ ಕುತಂತ್ರಾಂಶವು ಅದೇ ದೋಷದ ಕಿಂಡಿಯಿಂದ ನುಗ್ಗಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳಲ್ಲಿದ್ದ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಗಳೇ ಮುಂದೂಡಲ್ಪಟ್ಟವು. ಮದ್ದು ಮನೆಯಲ್ಲಿದ್ದೂ ಕುಡಿಯದೆ ಕಾಯಿಲೆ ಬಿದ್ದವರ ಕಥೆ ಇದು.

2024ರ ಜುಲೈ 19ರ ಕಥೆ ಇದಕ್ಕೆ ವಿರುದ್ಧವಾದುದು. ಯಂತ್ರಗಳ ರಕ್ಷಣೆಗೆಂದೇ ಇದ್ದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ತಂತ್ರಾಂಶಕ್ಕೆ ಅಂದು ಭಾರತೀಯ ಕಾಲಮಾನದಂತೆ ಬೆಳಿಗ್ಗೆ 9.39ಕ್ಕೆ ಒಂದು ನವೀಕರಣ ರವಾನೆಯಾಯಿತು. 20 ಅಂಶಗಳನ್ನು ಎದುರುನೋಡುತ್ತಿದ್ದ ತಂತ್ರಾಂಶವನ್ನು 21ನೆಯ ಅಂಶವೊಂದನ್ನು ಓದುವಂತೆ ಮಾಡಿದ ಸಣ್ಣ ತಪ್ಪು ಅದರಲ್ಲಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ತಪ್ಪು ನವೀಕರಣವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರು. ಆದರೆ ಅಷ್ಟರಲ್ಲಿ ಬಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ, ಮನುಷ್ಯನೇ ಮುಂದೆ ಕುಳಿತು, ಕೈಯಾರೆ ಎಬ್ಬಿಸಬೇಕಾಯಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕಿಲ್ಲ. ಭಾರತದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಪ್ರವೇಶ ಚೀಟಿಗಳನ್ನು ಕೊಟ್ಟರು. ಕೋಟಿಗಟ್ಟಲೆ ಬೆಲೆಯ ವ್ಯವಸ್ಥೆ ಕೈಕೊಟ್ಟಾಗ ಕೈಹಿಡಿದದ್ದು ಪೆನ್ನು, ಕಾಗದ ಮತ್ತು ಅಕ್ಷರ ಬಲ್ಲ ಮನುಷ್ಯ. ಈ ಚಿತ್ರವನ್ನು ಪ್ರತಿಯೊಬ್ಬ ಉಪಾಧ್ಯಾಯರೂ ತರಗತಿಯಲ್ಲಿ ವರ್ಣಿಸುವುದು ಲೇಸು.

ಈ ಎರಡು ಕಥೆಗಳಿಂದ ಹೊರಡುವ ನೀತಿ ಒಂದೇ. ನವೀಕರಣವನ್ನು ಬಿಡಲೂ ಬಾರದು, ಕಣ್ಣುಮುಚ್ಚಿ ನುಂಗಲೂ ಬಾರದು. ಶಾಲೆಯ ಗಣಕ ಕೊಠಡಿಯಲ್ಲಿ ಇಪ್ಪತ್ತು ಯಂತ್ರಗಳಿದ್ದರೆ ಮೊದಲು ಒಂದರಲ್ಲಿ ಅಳವಡಿಸಿ, ಎರಡು ದಿನ ನೋಡಿ, ಬಳಿಕ ಉಳಿದವಕ್ಕೆ ಹಾಕುವುದು. ಅಂಕಪಟ್ಟಿ, ದಾಖಲಾತಿಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದು. ಯಾವ ದಿನ ಏನು ಬದಲಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಇದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಮನೆ ನಡೆಸುವ ಗೃಹಿಣಿಯ ಎಚ್ಚರ ಸಾಕು. ಹತ್ತನೆಯ ತರಗತಿಯ ಇಬ್ಬರು ಜಾಣ ವಿದ್ಯಾರ್ಥಿಗಳಿಗೆ ಈ ಹೊಣೆಯನ್ನು ವಹಿಸಿದರೆ ಅದೇ ಒಂದು ಉತ್ತಮ ಪಾಠವಾದೀತು.

ಇನ್ನು ಬೆಂಬಲ ನಿಂತ ಯಂತ್ರಗಳ ಪ್ರಶ್ನೆ. ಅವುಗಳನ್ನು ಹಾಗೆಯೇ ಅಂತರಜಾಲಕ್ಕೆ ಜೋಡಿಸಿಡುವುದು ವಾನಾಕ್ರೈಯಂಥ ವಿಪತ್ತಿಗೆ ಆಹ್ವಾನವಿತ್ತಂತೆ. ಆದರೆ ಗುಜರಿಯೊಂದೇ ದಾರಿಯಲ್ಲ. ವಿದ್ಯಾಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಗೊತ್ತುಪಡಿಸಿದ ದರ ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರ್. ಇದರಿಂದ 2028ರ ಅಕ್ಟೋಬರಿನವರೆಗೆ ಭದ್ರತಾ ನವೀಕರಣಗಳು ದೊರೆಯುತ್ತವೆ. ಇಪ್ಪತ್ತು ಯಂತ್ರಗಳಿಗೆ ಮೂರು ವರ್ಷಗಳ ಒಟ್ಟು ವೆಚ್ಚ 140 ಡಾಲರ್. ಒಂದು ಹೊಸ ಯಂತ್ರದ ಬೆಲೆಗಿಂತಲೂ ಇದು ಕಡಿಮೆ. ಎರಡನೆಯ ದಾರಿ ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಜಗತ್ತಿನ ಸಾವಿರಾರು ಮಂದಿ ಕೂಡಿ ಬೆಳೆಸಿದ ಈ ಮುಕ್ತ ವ್ಯವಸ್ಥೆ ಹಳೆಯ ಯಂತ್ರಗಳಲ್ಲೂ ಹಗುರವಾಗಿ ಓಡುತ್ತದೆ. ನೆರೆಯ ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಇಂಥ ಮುಕ್ತ ತಂತ್ರಾಂಶದ ಮೇಲೆಯೇ ಗಣಕ ಶಿಕ್ಷಣವನ್ನು ನಡೆಸಿಕೊಂಡು ಬಂದಿವೆ. ನೌಕರಿ ಕೊಡುವವರು ವಿಂಡೋಸ್ ಕೇಳುತ್ತಾರಲ್ಲ ಎಂಬ ಆಕ್ಷೇಪ ಬರುವುದುಂಟು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಅದಕ್ಕಾಗಿ ನಾಲ್ಕಾರು ಯಂತ್ರಗಳಲ್ಲಿ ಅದನ್ನೂ ಇರಿಸಬಹುದು. ಆದರೆ ಗುಂಡಿಯ ಜಾಗವನ್ನಷ್ಟೇ ಬಾಯಿಪಾಠ ಮಾಡಿದವನು ಮುಂದಿನ ಆವೃತ್ತಿಯಲ್ಲಿ ಗುಂಡಿ ಸರಿದೊಡನೆ ಕಕ್ಕಾಬಿಕ್ಕಿಯಾಗುತ್ತಾನೆ. ತತ್ತ್ವವನ್ನು ಅರಿತವನು ಯಾವ ಯಂತ್ರದ ಮುಂದೆಯೂ ಕುಳಿತುಕೊಳ್ಳಬಲ್ಲ.

ಶಾಲೆಯೇ ಮಾಡಿಕೊಳ್ಳಬೇಕಾದ ನವೀಕರಣವೊಂದು ಕನ್ನಡಕ್ಕೆ ಸಂಬಂಧಿಸಿದುದು. ಜಗತ್ತಿನ ಲಿಪಿಗಳಿಗೆ ಏಕರೂಪದ ಸಂಕೇತಗಳನ್ನು ಕೊಟ್ಟ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೂ ಬಹಳ ಕಾಲ ನಾಡಿನ ಕಚೇರಿ, ಮುದ್ರಣಾಲಯಗಳಲ್ಲಿ ಆಯಾ ಅಕ್ಷರವಿನ್ಯಾಸಕ್ಕೆ ಮಾತ್ರ ಒಗ್ಗುವ ಸಂಕೇತಗಳೇ ಬಳಕೆಯಲ್ಲಿದ್ದವು. ಹಾಗೆ ಬರೆದಿಟ್ಟ ಕಡತವನ್ನು ಇಂದು ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಹಿಂದಿನ ವಾರ್ಷಿಕ ಸಂಚಿಕೆಗಳು, ಹಿರಿಯರ ಲೇಖನಗಳು, ಹಳೆಯ ವಿದ್ಯಾರ್ಥಿಗಳ ಪಟ್ಟಿಗಳು ಇಂಥ ಕಡತಗಳಲ್ಲಿದ್ದರೆ ಅವುಗಳನ್ನು ಈಗಲೇ ಯೂನಿಕೋಡಿಗೆ ಪರಿವರ್ತಿಸುವುದು ಅಗತ್ಯ. ಶಿಲಾಶಾಸನಗಳನ್ನು ಸಾವಿರ ವರ್ಷ ಕಾಪಾಡಿದ ನಾಡಿನಲ್ಲಿ ಇಪ್ಪತ್ತು ವರ್ಷದ ಕಡತ ಓದಲಾಗದೆ ಹೋಗುವುದು ಶೋಭೆಯಲ್ಲ.

ಪ್ರಶ್ನಿಸಿ ಓದುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವ ಬಗೆ ಯಾವುದು? ಅನೇಕ ಹಿರಿಯರು ಕಾಲಹರಣವೆಂದು ಬದಿಗೊತ್ತುವ ವೈಜ್ಞಾನಿಕ ಕಥಾಸಾಹಿತ್ಯ ಇಲ್ಲಿ ನೆರವಿಗೆ ಬರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1909ರಲ್ಲಿಯೇ ‘ದಿ ಮೆಷಿನ್ ಸ್ಟಾಪ್ಸ್’ ಎಂಬ ಕಥೆ ಬರೆದರು. ಅದರಲ್ಲಿ ಜನರು ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ವಾಸಿಸುತ್ತಾರೆ. ಊಟ, ಗಾಳಿ, ಮಾತುಕತೆ ಎಲ್ಲವನ್ನೂ ಒಂದು ಮಹಾಯಂತ್ರ ಒದಗಿಸುತ್ತದೆ. ಯಂತ್ರವನ್ನು ಸಮಗ್ರವಾಗಿ ಬಲ್ಲವರು ಕಡಿಮೆಯಾಗುತ್ತ ಹೋಗಿ, ಕೊನೆಗೊಂದು ದಿನ ಅದು ನಿಂತಾಗ ದುರಸ್ತಿ ಮಾಡಬಲ್ಲವರೇ ಇರುವುದಿಲ್ಲ. ಗಣಕಯಂತ್ರವೇ ಇಲ್ಲದ ಕಾಲದಲ್ಲಿ ಹುಟ್ಟಿದ ಈ ಕಥೆಯನ್ನು ಓದಿದ ವಿದ್ಯಾರ್ಥಿಗೆ 2024ರ ಜುಲೈ 19ರ ವಾರ್ತೆ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಆ ಸಾಹಿತ್ಯದ ಅಭಿಮಾನಿಗಳ ಇತಿಹಾಸವೂ ಬೋಧಪ್ರದವಾಗಿದೆ. 1926ರ ಏಪ್ರಿಲಿನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ ‘ಅಮೇಝಿಂಗ್ ಸ್ಟೋರೀಸ್’ ಮಾಸಪತ್ರಿಕೆಯನ್ನು ಆರಂಭಿಸಿ, ಓದುಗರ ಪತ್ರಗಳನ್ನು ಅವರ ವಿಳಾಸದೊಡನೆ ಅಚ್ಚುಹಾಕತೊಡಗಿದರು. ಓದುಗರು ಕಥೆಗಳಲ್ಲಿನ ವಿಜ್ಞಾನದ ತಪ್ಪುಗಳನ್ನು ಹೆಕ್ಕಿ ತೋರಿಸಿದರು; ವಿಳಾಸ ನೋಡಿ ಪರಸ್ಪರ ಪತ್ರ ಬರೆದರು; ಸಂಘ ಕಟ್ಟಿದರು; ಸೈಕ್ಲೋಸ್ಟೈಲಿನಂಥ ಅಗ್ಗದ ಸಾಧನಗಳಿಂದ ತಮ್ಮವೇ ಪತ್ರಿಕೆಗಳನ್ನು ಹೊರಡಿಸಿದರು. 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆದಾಗ ಸೇರಿದವರು ಸುಮಾರು ಇನ್ನೂರು ಮಂದಿ. ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆಗಳನ್ನು ಹೊರಡಿಸಿದ ಹಳೆಯ ವಿದ್ಯಾರ್ಥಿಗಳಿಗೆ ಈ ಉತ್ಸಾಹ ಅಪರಿಚಿತವಲ್ಲ. ಬರೆದವನನ್ನು ಪ್ರೀತಿಸುತ್ತಲೇ ತಪ್ಪನ್ನು ಕೇಳುವ ಅಭಿಮಾನ ಅವರದು.

ಅಂಥ ಪತ್ರಿಕೆಗಳಲ್ಲಿಯೇ ಬೆಳೆದ ಆರ್ಥರ್ ಸಿ. ಕ್ಲಾರ್ಕ್ 1945ರ ಅಕ್ಟೋಬರಿನಲ್ಲಿ, ಭೂಮಿಯೊಡನೆ ಸಮವೇಗದಲ್ಲಿ ಸುತ್ತುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಲೆಕ್ಕಸಹಿತ ಲೇಖನ ಬರೆದರು. ಮೂವತ್ತು ವರ್ಷಗಳ ಬಳಿಕ, 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಶೈಕ್ಷಣಿಕ ಕಾರ್ಯಕ್ರಮಗಳು ಬಿತ್ತರಗೊಂಡವು. ಅವುಗಳಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೊಲಂಬೊದಲ್ಲಿದ್ದ ಕ್ಲಾರ್ಕ್ ಅವರ ಮನೆಯಲ್ಲೂ ಇಸ್ರೋ ಸಂಸ್ಥೆಯವರು ಒಂದು ಆಂಟೆನಾ ನಿಲ್ಲಿಸಿಕೊಟ್ಟರು. ಲೇಖಕನ ಕಲ್ಪನೆ ಉತ್ತರ ಕರ್ನಾಟಕದ ಚಾವಡಿಗೆ ಬಂದಿಳಿದ ಈ ಸಂಗತಿಯನ್ನು ಆ ಭಾಗದ ಮಕ್ಕಳು ತಿಳಿಯದಿರುವುದು ನಷ್ಟವೇ ಸರಿ.

ಕೊಲ್ಹಾಪುರದಲ್ಲಿ ಜನಿಸಿದ ಖಗೋಳವಿಜ್ಞಾನಿ ಜಯಂತ ನಾರಳೀಕರ್ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಹೆಸರು ಮರೆಸಿಕೊಂಡು ಕಥೆ ಕಳಿಸಿ ಬಹುಮಾನ ಪಡೆದರು. ತಮ್ಮ ಕೀರ್ತಿಗೆ ಬಹುಮಾನ ಬರಬಾರದು, ಕಥೆಗೆ ಬರಬೇಕು ಎಂಬ ನಿಲುವು ಅವರದು. ಕನ್ನಡದಲ್ಲಿಯೂ ರಾಜಶೇಖರ ಭೂಸನೂರಮಠರಂಥವರು ಈ ಕ್ಷೇತ್ರದಲ್ಲಿ ಕೃಷಿ ಮಾಡಿದ್ದಾರೆ. ಈ ಪುಸ್ತಕಗಳು ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳ ಕೈಗೆ ಸಿಗುವಂತಿರಬೇಕು.

ಆದುದರಿಂದ ಅಪೇಕ್ಷೆಗಳು ಮೂರೇ. ಉಪಾಧ್ಯಾಯರು ವಾರಕ್ಕೊಮ್ಮೆ ಒಂದು ತಂತ್ರಜ್ಞಾನ ವಾರ್ತೆಯನ್ನು ತರಗತಿಯಲ್ಲಿ ಓದಿಸಿ, ಹೇಳಿದವರು ಯಾರು, ಅವರಿಗೇನು ಲಾಭ, ನಡೆದುದೆಷ್ಟು, ನಡೆಯಲಿರುವುದೆಷ್ಟು ಎಂದು ಕೇಳಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಗಣಕವಿದ್ಯೆ ಬಲ್ಲವರು ವರ್ಷಕ್ಕೆರಡು ದಿನ ಬಂದು ಯಂತ್ರಗಳ ಯೋಗಕ್ಷೇಮ ನೋಡಲಿ. ದಾನಿಗಳು ಯಂತ್ರದ ಬೆಲೆಯೊಡನೆ ಅದರ ಪಾಲನೆಗೂ ಒಂದು ಪಾಲನ್ನು ತೆಗೆದಿಡಲಿ. ಬಾವಿ ತೋಡಿಸಿದವರು ಹಗ್ಗವನ್ನೂ ಕೊಟ್ಟರೆ ಪುಣ್ಯ ಪೂರ್ಣ. ಮುಂದೆ ಯಾವ ಸಂಸ್ಥೆ ಯಾವ ಯಂತ್ರವನ್ನು ಹಳೆಯದೆಂದು ಸಾರಿದರೂ, ‘ಎತ್ತು ಈಯುವುದುಂಟೆ?’ ಎಂದು ಮೊದಲು ಕೇಳುವ ಹುಡುಗನೊಬ್ಬ, ಹುಡುಗಿಯೊಬ್ಬಳು ತರಗತಿಯ ಹಿಂದಿನ ಸಾಲಿನಿಂದ ಎದ್ದು ನಿಂತರೆ, ಶಾಲೆಯ ಶ್ರಮ ಸಾರ್ಥಕವಾದಂತೆ.